ಹದಿನೇಳನೇ ನಂಬರಿನ ಹೆಲ್ಮೆಟ್

"ಏಳ್ರೇ ಮುಂಡೇರಾ! ಇಲ್ಲಿ ಬೇಲಿ ಹಾಕ್ತೀವಿ. ನಡೀರಿ ಆಚೆ!"

ಸಿಪಾಯಿ ದಿನವೂ ಎಲ್ಲರಿಗೂ ಬೈಯುತ್ತಿದ್ದ ಬೈಗುಳವೇ. ಗಂಡ ಡೌಬ್ರಾನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಎಬಿನಿಮಿಗೆ ಅದು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಅವಳು ತಲೆ ಎತ್ತಲಿಲ್ಲ. ತುರಿದು ಹಿಂಡಿದ ಮರಗೆಣಸನ್ನು ಬಿಲ್ಲೆ ತಟ್ಟಿ ದಿಬ್ಬದ ಮೇಲೆ ಹರವುತ್ತಾ ಹೋದಳು. ಎದುರಿಗೆ ಕಂಪನಿಯ ಕೊಳವೆಯ ಬಾಯಲ್ಲಿ ಗ್ಯಾಸು ಧಗಧಗ ಉರಿಯುತ್ತಿತ್ತು. ಅವಳು ಹುಟ್ಟುವ ಮೊದಲಿನಿಂದಲೂ ಅದು ಆರಿಲ್ಲ. ಎಣ್ಣೆ ಸೋರಿ ಹೊಳೆಯ ಮೀನು ಸತ್ತ ಮೇಲೆ ಹೆಂಗಸರ ಹೊಟ್ಟೆಪಾಡಿಗೆ ಉಳಿದದ್ದು ಆ ಬಿಸಿ ಮಾತ್ರ.

"ಡೌಬ್ರಾ ಇಸ್ಕೊಂಡಿದ್ದೆಲ್ಲ ವಾಪಸ್ ಕೊಟ್ಯಾ?" ಪಕ್ಕದಲ್ಲಿ ಕೂತ ಮುದುಕಿ ಜಿಪ್ರೆಬೊ ಕೇಳಿದಳು.

"ಬಲೆ ಕೊಟ್ಟೆ. ಹುಟ್ಟು ಕೊಟ್ಟೆ. ಇನ್ನೊಂದೈತೆ."

"ಹೊತ್ ಮುಳುಗೋದ್ರೊಳ್ಗೆ ಕೊಟ್ಬುಡು. ತಗೊಂಡೋರು 'ನಂದು ನಂಗ್ ಬಂತು' ಅನ್ಬೇಕು, ಇಲ್ದಿದ್ರೆ ಸತ್ತೋರ ಊರಿಗೆ ಅವ್ನಿಗೆ ದಾರಿ ಸಿಗಾಕಿಲ್ಲ." ಸ್ವಲ್ಪ ತಡೆದು, "ಆ ಮೇಜರ್ ತಂದಿರೋ ಕಾಗದಕ್ಕೂ ರುಜು ಆಕ್ಬುಡು ಮಗಾ. ಬೇಲಿ ಆಕುದ್ರೆ ಈ ಬಿಲ್ಲೇನೆಲ್ಲ ಎಲ್ಲಿ ಒಣಗ್ಸಾನ, ನನ್ ಬೆನ್ ಮ್ಯಾಲಾ?"

"ಅದ್ರಲ್ಲಿ ಏನ್ ಬರ್ದವ್ರೆ ಗೊತ್ತಾ ಅಜ್ಜಿ?"

"ನಂಗ್ ಓದಕ್ ಬಂದಿದ್ರೆ ನಿನ್ ಕಾಲ್ ಯಾಕೆ ಹಿಡೀತಿದ್ದೆ?"

ಡೌಬ್ರಾ ಕೊಳವೆ ಕೊಯ್ದು ಎಣ್ಣೆ ಕದಿಯುವಾಗ ಸಿಪಾಯಿಗಳ ಗುಂಡು ತಿಂದ ಎಂದು ಅದರಲ್ಲಿ ಬರೆದಿತ್ತು. ಕಳ್ಳರು ಒಡೆದ ಕೊಳವೆಯಾದರೆ ಹೊಳೆ ತೊಳೆಯುವುದು ಕಂಪನಿಯ ಕೆಲಸವಲ್ಲ. ಊರಿನಲ್ಲಿ ಯೂನಿವರ್ಸಿಟಿ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಅವಳ ರುಜುವೇ ಬೇಕಿತ್ತು.

ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಸಭೆ. ಗೋಡೆಯ ಬಟ್ಟೆಯ ಮೇಲೆ ಮೂರು ಉಂಗುರಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು: ಇಂಧನ, ಪರಿಸರ, ಆರ್ಥಿಕತೆ. ಕೆಳಗೆ ದಪ್ಪಕ್ಷರದಲ್ಲಿ, ರಾಷ್ಟ್ರದ ಭದ್ರತೆ. ರಾಜಧಾನಿಯಿಂದ ಬಂದ ಅಧಿಕಾರಿ ಕೋಲು ಹಿಡಿದು ವಿವರಿಸಿದ. "ಒಂದಕ್ಕೆ ಪೆಟ್ಟು ಬಿದ್ದರೆ ಮೂರೂ ಬಿದ್ದುಹೋಗುತ್ತವೆ."

"ನಮ್ ಹೊಳೆ ಯಾವ್ ಬಳೆಯೊಳಗೈತೆ ಸ್ವಾಮಿ?" ಹಿಂದಿನಿಂದ ಜಿಪ್ರೆಬೊ. ಹೆಂಗಸರು ಕಿಸಕ್ಕೆಂದರು.

"ಬಾಯ್ ಮುಚ್ಚೇ, ಹಾಳ್ ಮುದುಕಿ!" ಊರ ಯಜಮಾನ ಗದರಿದ.

ಸಿಪಾಯಿಗಳ ಮೇಜರ್ ಆ ಕಾಗದವನ್ನು ಎಬಿನಿಮಿಯ ಕಡೆ ತಳ್ಳಿದ. "ಕಳ್ಳನ ಹೆಂಡ್ತಿಯಾದ್ರೂ ಓದಿದೋಳಂತೆ. ರುಜು ಹಾಕು, ನಾಳೆನೇ ಈ ಹೆಂಗಸ್ರಿಗೆಲ್ಲ ಬೆಂಕಿ ಹತ್ರ ಹೋಗೋಕೆ ಪಾಸು. ಇಲ್ಲಾಂದ್ರೆ ಬೇಲಿ, ಅದಕ್ಕೊಂದು ಬೀಗ."

ಅವನ ಬೆನ್ನ ಹಿಂದೆ, ಹೆಲ್ಮೆಟ್ ಇಲ್ಲದೆ ಬರಿತಲೆಯಲ್ಲಿ, ಕೊಳವೆಯ ಕಾವಲುಗಾರ ಇಗೋನಿ ನಿಂತಿದ್ದ. ಡೌಬ್ರಾನ ಚಿಕ್ಕಮ್ಮನ ಮಗ. 'ಕೊಳವೆ ತುಕ್ ಹಿಡ್ದು ಬಾಯ್ಬಿಟ್ಟೈತೆ, ಬೇಗ ಬಾರೋ ಅಣ್ಣಾ' ಎಂದು ಆವತ್ತು ಓಡಿಬಂದವನು ಅವನೇ. ವಿಚಾರಣೆಯಲ್ಲಿ, ಆ ದಿನ ಡೌಬ್ರಾನ ಮುಖವನ್ನೇ ನೋಡಲಿಲ್ಲ ಎಂದವನೂ ಅವನೇ.

ಎಬಿನಿಮಿ ಪೆನ್ನು ಮುಟ್ಟಲಿಲ್ಲ. ಬುಟ್ಟಿಯ ಬಟ್ಟೆ ಸರಿಸಿ ಹಳದಿ ಹೆಲ್ಮೆಟ್ ಎತ್ತಿದಳು. ಡೌಬ್ರಾನ ದೋಣಿಯಲ್ಲಿ ಬಲೆಯ ಅಡಿಗೆ ಸಿಕ್ಕಿದ್ದು. ಹೊರಗೆ ಒರೆಸಿದ್ದಳು, ಹದಿನೇಳು ಎಂಬ ಇಗೋನಿಯ ನಂಬರು ಸ್ಪಷ್ಟವಾಗಿತ್ತು. ಒಳಗೆ ಒರೆಸಿರಲಿಲ್ಲ. ಮೊಗೆದು ಮೊಗೆದು ಸುರಿದ ಎಣ್ಣೆ ಕಪ್ಪಗೆ ಅಂಟಿಕೊಂಡಿತ್ತು.

ಮೇಜು ಬಳಸಿಕೊಂಡು ನಡೆದು ಇಗೋನಿಯ ಮುಂದೆ ನಿಂತಳು.

"ಸೋರೋ ಎಣ್ಣೆ ಮೊಗೆಯೋಕೆ ನಿಮ್ಮಣ್ಣ ನಿನ್ ಹತ್ರ ಇಸ್ಕೊಂಡಿದ್ದು. ತಗೋ."

"ಏನದು? ಮುಟ್ಟಬೇಡ!" ಮೇಜರ್ ಎದ್ದ.

ಹೊರಗೆ ಬೇಲಿಯ ಗೂಟ ಹೊಡೆಯುತ್ತಿದ್ದರು. ಇಗೋನಿಯ ಕೈಗಳು ತೊಡೆಗೆ ಅಂಟಿಕೊಂಡಿದ್ದವು. ಹಿಂದೆ ಬೆಂಚುಗಳು ಕಿರುಗುಟ್ಟಿದವು. ಜಿಪ್ರೆಬೊ ಎದ್ದಳು, ಆಮೇಲೆ ಉಳಿದವರೂ.

"ಸತ್ತೋನ್ ಕೊಡೋದ್ನ ಬ್ಯಾಡ ಅಂತಿಯೇನ್ಲಾ, ನನ್ಮಗ್ನೆ?" ಮುದುಕಿ ಕೇಳಿದಳು.

ಇಗೋನಿ ಮೇಜರನ ಕಡೆ ನೋಡಿದ. ಎರಡೂ ಕೈ ಚಾಚಿದ.

"ಬಂತು ಅತ್ಗೆ," ಅಂದ. "ನಂದು ನಂಗ್ ಬಂತು."

ಅವಳು ಹೆಲ್ಮೆಟ್ಟಿನಿಂದ ಕೈ ತೆಗೆದಳು.