ಅತ್ತೆಗೊಂದು ಪಿಸ್ತೂಲು

“ಇದು ನೋಡಿ ಅತ್ತೆ, ನಿಮಗೇ ಅಂತ ಅಳತೆ ಕೊಟ್ಟು ಮಾಡ್ಸಿದ ಹಾಗಿದೆ,” ಎಂದ ಡ್ವೇನ್, ಬಂದೂಕಿನ ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ಬೆರಳು ಕುಟ್ಟುತ್ತ.

ಬೆರಳಿನ ಕೆಳಗೆ ಒಂದು ಪುಟಾಣಿ ರಿವಾಲ್ವರ್ ಇತ್ತು. ಅದರ ಹಿಡಿ ಗುಲಾಬಿ ಬಣ್ಣದ್ದು, ಹುಟ್ಟುಹಬ್ಬದ ಕೇಕಿನ ಮೇಲೆ ಬಿಡಿಸುವ ಸಕ್ಕರೆ ಹೂವಿನ ಬಣ್ಣ. ಒಟಿಲಿ ಮೊದಲು ಅದನ್ನು ನೋಡಿದಳು, ಆಮೇಲೆ ಅಳಿಯನನ್ನು ನೋಡಿದಳು. ಜೀವನವಿಡೀ ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸಿದವಳಿಗೆ, ತಪ್ಪು ಉತ್ತರವನ್ನು ಎದ್ದು ನಿಂತು ಗಟ್ಟಿಯಾಗಿ ಹೇಳುವ ಹುಡುಗರ ಮುಖ ಚೆನ್ನಾಗಿ ಗೊತ್ತು. ಡ್ವೇನನದು ಅದೇ ಮುಖ. ಗಡ್ಡ ನರೆತಿತ್ತು, ಹೊಟ್ಟೆ ಬೆಳೆದಿತ್ತು, ಮುಖ ಮಾತ್ರ ಇನ್ನೂ ಹಿಂದಿನ ಬೆಂಚಿನಲ್ಲೇ ಕೂತಿತ್ತು.

ಡ್ವೇನ್ ಗ್ಯಾರೇಜಿನ ಬಾಗಿಲು ಮಾರುವ ಕೆಲಸದವನು. ಬಾಗಿಲಿನ ಬಗ್ಗೆ ಅವನಿಗೆ ಏನಾದರೂ ಗೊತ್ತಿತ್ತೋ ಇಲ್ಲವೋ, ಉಳಿದೆಲ್ಲದರ ಬಗ್ಗೆ ಗೊತ್ತಿತ್ತು. ಮಾಂಸ ಎಷ್ಟು ಸುಡಬೇಕು, ಸರ್ಕಾರ ಹೇಗೆ ನಡೆಸಬೇಕು, ಸತ್ತ ಮಾವ ಯಾವ ಡಾಕ್ಟರಿಗೆ ತೋರಿಸಿದ್ದರೆ ಬದುಕುತ್ತಿದ್ದರು. ಸೊಂಟದಲ್ಲಿ ಅವನು ಮೊಳದುದ್ದದ ರಿವಾಲ್ವರೊಂದನ್ನು ತೂಗುಹಾಕಿಕೊಂಡು ಓಡಾಡುತ್ತಿದ್ದ. ಕರಡಿ ಬಂದರೆ ಇರಲಿ ಅಂತ. ಓಹಾಯೋದ ಆ ಭಾಗದಲ್ಲಿ ಕೊನೆಯ ಕರಡಿ ಕಂಡವರು ಯಾರೂ ಈಗ ಬದುಕಿರಲಿಲ್ಲ. ಎಲ್ಲರೂ ವಯಸ್ಸಾಗಿ ಸತ್ತಿದ್ದರು.

ಗಂಡ ವಾಲ್ಟರ್ ತೀರಿಕೊಂಡ ಮೇಲೆ ಒಟಿಲಿ ಮಗಳು ಗ್ರೆಟಾಳ ಮನೆಯ ಕೆಳಗಿನ ಎರಡು ಕೋಣೆಗಳಿಗೆ ಬಂದಿದ್ದಳು. ಕೋಣೆಗಳು ಚೆನ್ನಾಗಿದ್ದವು. ಆದರೆ ಮೇಲಿನಿಂದ ಡ್ವೇನನ ದನಿ, ಸೋರುವ ನಲ್ಲಿಯ ಹಾಗೆ, ಎದ್ದಾಗಿನಿಂದ ಮಲಗುವವರೆಗೆ ತೊಟ್ಟಿಕ್ಕುತ್ತಲೇ ಇತ್ತು. ಈಸ್ಟರಿಗೆ ಮುಂಚಿನ ಒಂದು ಶುಕ್ರವಾರ ಊರಿನ ಶೂಟಿಂಗ್ ಕ್ಲಬ್ಬಿನಲ್ಲಿ ಕರಿದ ಮೀನಿನ ಊಟವಿತ್ತು. ಕೈತೊಳೆಯುವ ಕೋಣೆ ಹುಡುಕುತ್ತ ಹೋದ ಒಟಿಲಿ ತಪ್ಪು ಬಾಗಿಲು ತೆರೆದಳು. ಗಾಜಿನ ಆಚೆ ಏಳೆಂಟು ಹೆಂಗಸರು ಸಾಲಾಗಿ ನಿಂತಿದ್ದರು. ಕೆಲವರು ಅವಳಷ್ಟೇ ವಯಸ್ಸಿನವರು. ಎಲ್ಲರ ಕಿವಿಗೂ ಮುಚ್ಚಳ, ಎಲ್ಲರ ಎದುರಿಗೂ ದೂರದಲ್ಲಿ ಒಂದೊಂದು ಗುರಿಯ ಕಾಗದ. ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ತೋಳು ಎತ್ತುವುದು, ಗುಂಡು ಹಾರಿಸುವುದು, ಇಳಿಸುವುದು. ಮೀನು ಆರಿ ತಣ್ಣಗಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು.

“ನಾನೂ ಸೇರ್ತೀನಿ,” ಎಂದು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಡ್ವೇನ್ ತಾನೇ ಪಿಸ್ತೂಲು ಆರಿಸಿ ಕೊಡಿಸುವುದಾಗಿ ಹೊರಟುಬಿಟ್ಟ.

ಅಂಗಡಿಯ ಯಜಮಾನ ಹಾರ್ಲನ್, ಪೆಪ್ಪರ್‌ಮಿಂಟ್ ಚೀಪುತ್ತಿದ್ದ ಒಣಕಲು ಮುದುಕ, ರಿವಾಲ್ವರ್ ತೆಗೆದು ಖಾಲಿಯಿದೆ ಎಂದು ಬಿಚ್ಚಿ ತೋರಿಸಿ, ಡ್ವೇನನನ್ನು ಕೇಳಿದ: “ಅವರ ಕೈಯಲ್ಲಿ ಶಕ್ತಿ ಹೆಂಗಿದೆ?”

“ಅವರೂ ಇಲ್ಲೇ ನಿಂತಿದಾರೆ. ಅವರನ್ನೇ ಕೇಳಬಹುದು,” ಎಂದಳು ಒಟಿಲಿ.

“ಅತ್ತೆಗೆ ಸ್ವಲ್ಪ ಬಾಯಿ ಜೋರು,” ಡ್ವೇನ್ ಕಣ್ಣು ಮಿಟುಕಿಸಿದ.

ಅವಳು ಗುಲಾಬಿ ರಿವಾಲ್ವರನ್ನು ಕೈಯಲ್ಲಿ ಹಿಡಿದಳು. ಆಲೂಗಡ್ಡೆ ಹೆರೆಯುವ ಚಾಕುವಿನಷ್ಟು ಹಗುರ.

“ಇದ್ಯಾಕಪ್ಪಾ ಇಷ್ಟು ಹಗುರ?”

“ಹೆಂಗಸರಿಗೆ ಅಂತಾನೇ. ಹಗುರ ಇದ್ರೆ ಸುಲಭ ಅಲ್ವಾ ಅತ್ತೆ?”

“ಗುಂಡಿನ ಶಕ್ತಿ ಅಷ್ಟೇ ಇದ್ದು ಪಿಸ್ತೂಲು ಹಗುರ ಆದ್ರೆ, ಹಿಂದಕ್ಕೆ ಒದೆಯೋದು ಜಾಸ್ತಿ ಆಗಲ್ವಾ? ನಿಂಗೆ ಶಾಲೇಲಿ ಯಾರೂ ಹೇಳ್ಕೊಡ್ಲಿಲ್ವಾ, ಹೇಳ್ಕೊಟ್ಟ ದಿನ ರಜಾ ಹಾಕಿದ್ಯಾ?”

ಹಾರ್ಲನ್ ಪೆಪ್ಪರ್‌ಮಿಂಟನ್ನು ಬಲಗೆನ್ನೆಯಿಂದ ಎಡಗೆನ್ನೆಗೆ ದಾಟಿಸಿ, ಮೊದಲ ಸಲ ಅವಳತ್ತ ತಿರುಗಿದ. “ನಿಮಗೆ ಯಾತಕ್ಕೆ ಬೇಕಮ್ಮ? ಮನೆ ಕಾಯೋದಕ್ಕಾ, ಕಾಗದಕ್ಕೆ ಹೊಡೆಯೋದಕ್ಕಾ?”

“ಕಾಗದಕ್ಕೆ.”

“ಹಾಗಂತ ಮೊದಲೇ ಹೇಳ್ಬಾರ್ದಾ?”

“ಕೇಳಿದ್ರೆ ತಾನೇ ಹೇಳೋದು?”

ಅವನು ಹಿಂದಿನ ಕಪಾಟಿನಿಂದ ಇನ್ನೊಂದು ತಂದ. ಪಾಯಿಂಟ್ ಟೂ ಟೂ, ಅತಿ ಸಣ್ಣ ಗುಂಡಿನದು. ಉದ್ದ ನಳಿಗೆ, ಕಪ್ಪು ಮೈ, ಯಾರೋ ಬಳಸಿ ಕೊಟ್ಟದ್ದು. ಹಿಡಿಯ ಮರ ಅಂಗೈ ಉಜ್ಜಿ ಉಜ್ಜಿ ನುಣುಪಾಗಿತ್ತು. ನೋಡಲು ಕೊಳಾಯಿ ರಿಪೇರಿಯವನ ಸಾಮಾನಿನಂತಿತ್ತು. ಖಾಲಿಯಿದೆ ಎಂದು ಅವನೊಮ್ಮೆ ನೋಡಿದ, ಅವಳಿಗೂ ನೋಡಿಸಿದ. “ಗೋಡೆ ಕಡೆ ಹಿಡೀರಿ. ಬೆರಳು ಕುದುರೆಗೆ, ಅದೇ ಈ ಟ್ರಿಗರಿಗೆ, ಸರಿಯಾಗಿ ಎಟಕುತ್ತಾ? ಬೆರಳಿನ ಮೆತ್ತನೆ ಭಾಗ, ಗಿಣ್ಣು ಅಲ್ಲ. ಹಾಂ. ಈ ತಿರುಪು ತಿರುಗಿಸಿದ್ರೆ ಗುರಿ ನೋಡೋ ಮೊಳೆ ಆಚೆ ಈಚೆ ಮಾಡ್ಕೋಬಹುದು. ತೋಟಾ ಅಗ್ಗ. ದಿನವಿಡೀ ಹೊಡೆದ್ರೂ ಕೈ ನೋಯಲ್ಲ.”

ಒಟಿಲಿ ತೋಳು ಚಾಚಿದಳು. ಭಾರವಿತ್ತು, ಆದರೆ ಮುಂದಕ್ಕೆ ಎಳೆದು ಸುಮ್ಮನೆ ಒಂದೆಡೆ ನಿಲ್ಲುವಂಥ ಭಾರ.

“ಅಯ್ಯೋ, ಅದು ಪಿಸ್ತೂಲಲ್ಲ ಅತ್ತೆ, ಸ್ಟೇಪ್ಲರು!” ಡ್ವೇನ್ ಅಂಗಡಿಗೆಲ್ಲ ಕೇಳುವಂತೆ ನಕ್ಕ. “ಅಳಿಲೂ ತಿರುಗಿ ನೋಡಲ್ಲ.”

“ಅಳಿಲಿಗೂ ನನಗೂ ಜಗಳ ಇಲ್ಲ.”

ಅಂಗಡಿಯ ಹಿಂಭಾಗದಲ್ಲೇ ಗುಂಡು ಹಾರಿಸಿ ನೋಡುವ ಕಟ್ಟೆಗಳಿದ್ದವು. ಕೊಳ್ಳುವ ಮುಂಚೆ ಎರಡನ್ನೂ ಹೊಡೆದು ನೋಡಿ ಎಂದು ಹಾರ್ಲನ್ ಕರೆದೊಯ್ದ. ಗುಲಾಬಿ ರಿವಾಲ್ವರ್ ಒಂದೇ ಏಟಿಗೆ ಹೆಬ್ಬೆರಳ ಸಂದನ್ನು ಹಲ್ಲಿನಿಂದ ಕಚ್ಚಿದಂತೆ ಮಾಡಿತು. ಎದುರಿನ ಕಾಗದ ಮಾತ್ರ ಬೆಳ್ಳಗೆ ಹಾಗೇ ಇತ್ತು. ಅವಳು ಎರಡನೆಯ ಗುಂಡು ಹಾರಿಸದೆ ಅದನ್ನು ಕೆಳಗಿಟ್ಟಳು. ಕಪ್ಪು ಪಿಸ್ತೂಲು ಚಟ್ ಎಂದಿತು, ಅಷ್ಟೇ. ತೂತುಗಳು ಕಾಗದದ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದವು, ಆದರೂ ಕಾಗದದಲ್ಲೇ ಬಿದ್ದವು. ಅವಳ ಬೆನ್ನ ಹಿಂದೆ ಡ್ವೇನ್ ಉಸಿರು ಹೇಗೆ ಬಿಡಬೇಕು, ಮೊಣಕೈ ಹೇಗಿರಬೇಕು ಎಂದು ಒಂದೇ ಸಮನೆ ಒದರುತ್ತಿದ್ದ. ಕಿವಿಮುಚ್ಚಳದ ಒಳಗೆ ಅದು ಪಕ್ಕದ ಬೀದಿಯ ನಾಯಿ ಬೊಗಳಿದಷ್ಟು ಕೇಳುತ್ತಿತ್ತು. ಇಷ್ಟು ದೂರದಲ್ಲಿ ಅವನನ್ನು ಇಡಬಲ್ಲ ಸಾಧನ ಪ್ರಪಂಚದಲ್ಲಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಡ್ವೇನನ ಇಬ್ಬರು ಗೆಳೆಯರು ಬಂದರು. ನೋಡುವವರು ಬಂದ ಮೇಲೆ ಅವನನ್ನು ಹಿಡಿಯುವವರು ಯಾರು? “ಪಕ್ಕಕ್ಕೆ ಸರೀರಿ ಅತ್ತೆ, ನಿಜವಾದ ಪಿಸ್ತೂಲು ಅಂದ್ರೆ ಏನು ಅಂತ ತೋರಿಸ್ತೀನಿ,” ಎಂದು ಸೊಂಟದ ಮೊಳದುದ್ದದ್ದನ್ನು ಎಳೆದ. ಕಟ್ಟಡ ಮತ್ತೆ ಮತ್ತೆ ನಡುಗಿತು. ಹೊಗೆ ಇಳಿದ ಮೇಲೆ ನೋಡಿದರೆ ಕಾಗದದ ಕೆಳಗಿನ ಮೂಲೆಯಲ್ಲಿ ಒಂದು ತೂತು, ಉಳಿದವು ಎಲ್ಲಿ ಹೋದವೋ ದೇವರೇ ಬಲ್ಲ.

“ಇಲ್ಲಿ ಲೈಟು ಸರಿಯಿಲ್ಲ. ಈ ಸಲದ ತೋಟಾನೂ ಕಳಪೆ,” ಎಂದ ಡ್ವೇನ್.

ಒಟಿಲಿ ಕಾಗದವನ್ನು ನೋಡಿರಲಿಲ್ಲ, ಅವನ ಮುಖವನ್ನು ನೋಡಿದ್ದಳು. ಪ್ರತಿ ಸಲವೂ ಗುಂಡು ಹಾರುವ ಮುನ್ನವೇ ಅವನ ಕಣ್ಣು ಗಪ್ಪೆಂದು ಮುಚ್ಚಿಕೊಂಡಿತ್ತು. ಅವಳು ಮೆಲ್ಲಗೆ ಹಾರ್ಲನ್ ಪಕ್ಕಕ್ಕೆ ಸರಿದಳು.

“ಇವನು ಹೆದರ್ತಾನಲ್ವಾ?”

ಹಾರ್ಲನ್ ಮೀಸೆಯಡಿ ನಕ್ಕ. “ಕಂಡುಹಿಡಿದುಬಿಟ್ರಲ್ಲಾ. ಹೊಸಬರಿಗೆ ನಾವೊಂದು ಪರೀಕ್ಷೆ ಮಾಡ್ತೀವಿ. ಸುಟ್ಟ ಖಾಲಿ ತೋಟಾನ ಒಳ್ಳೇದರ ಮಧ್ಯೆ ಸೇರಿಸಿಬಿಡೋದು. ಸದ್ದು ಬರಲ್ಲ, ಒದೆ ಇಲ್ಲ, ಆದ್ರೂ ಕೈ ಹಾರುತ್ತಾ ಇಲ್ವಾ ಅಂತ ಗೊತ್ತಾಗುತ್ತೆ. ನಿಮಗೆ ಮಾಡ್ಲಾ?”

“ನನಗೆ ಆಮೇಲೆ. ಮೊದಲು ಅವನಿಗೆ ಮಾಡಿ.”

ಎಷ್ಟೋ ವರ್ಷದಿಂದ ಡ್ವೇನನ ಮಾತು ಕೇಳಿ ಕೇಳಿ ಹಾರ್ಲನ್ ಕೂಡ ಬೆಂದುಹೋಗಿದ್ದನೆಂದು ಕಾಣುತ್ತದೆ. “ಕೊಡಿಲ್ಲಿ, ಬೇರೆ ತೋಟಾ ಹಾಕಿ ಕೊಡ್ತೀನಿ. ಇವು ಒಳ್ಳೇವು,” ಎಂದು ತಾನೇ ತುಂಬಿಸಿಕೊಟ್ಟ.

ಮೊದಲನೆಯದು ಢಂ ಎಂದಿತು. ಎರಡನೆಯದು ಬರೀ ಟಿಕ್ ಎಂದಿತು. ಆ ಟಿಕ್ಕಿಗೆ ಡ್ವೇನನ ನಳಿಗೆ ಸೀದಾ ನೆಲ ನೋಡಿತು, ಭುಜಗಳೆರಡೂ ಕಿವಿಯವರೆಗೆ ಏರಿದವು, ಕಣ್ಣುಗಳು ಕಹಿ ಔಷಧಿ ಕುಡಿಯುವ ಮಗುವಿನ ಹಾಗೆ ಬಿಗಿದುಕೊಂಡವು. ಆ ದೊಡ್ಡ ಗಂಟಲಿನಿಂದ “ಈಂ” ಎಂಬ ಸಣ್ಣ ದನಿಯೊಂದು ಹೊರಬಿತ್ತು.

ಗೆಳೆಯರು ಗೋಡೆ ಹಿಡಿದುಕೊಂಡು ನಕ್ಕರು. “ಸತ್ತ ಗುಂಡಿಗೇ ಹಿಂಗೆ ಹೆದರಿದ್ರೆ, ಕರಡಿ ಬಂದ್ರೆ ಏನೋ ಗತಿ?” ಎಂದ ಒಬ್ಬ. “ಕರಡೀನೇ ಎತ್ಕೊಂಡು ಸಮಾಧಾನ ಮಾಡುತ್ತೆ ಬಿಡು,” ಎಂದ ಇನ್ನೊಬ್ಬ.

“ನನಗೆ ಗೊತ್ತಿತ್ತು ಕಣ್ರೋ. ತಮಾಷೆಗೆ ಮಾಡ್ದೆ,” ಎಂದ ಡ್ವೇನ್. ಅವನ ಕತ್ತಿನಿಂದ ಮೇಲೆ ಎಲ್ಲವೂ ಕೆಂಪಾಗಿತ್ತು.

ಒಟಿಲಿ ಕಪ್ಪು ಪಿಸ್ತೂಲನ್ನೇ ಕೊಂಡಳು. ಮನೆಗೆ ಹೋಗುವಾಗ ಕಾರಿನಲ್ಲಿ ಡ್ವೇನ್ ತುಟಿ ಬಿಚ್ಚಲಿಲ್ಲ. ಕಿಟಕಿಯಾಚೆ ಜೋಳದ ಹೊಲಗಳು ಸದ್ದಿಲ್ಲದೆ ಹಿಂದಕ್ಕೆ ಸರಿದವು. ಆ ಮೌನವನ್ನು ಅವಳು ಮಿಠಾಯಿಯ ಹಾಗೆ ಬಾಯಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಕರಗಿಸಿದಳು.

ಭಾನುವಾರ ಮಧ್ಯಾಹ್ನ ಡ್ವೇನನ ಅಣ್ಣ, ಅತ್ತಿಗೆ ಊಟಕ್ಕೆ ಬಂದಿದ್ದರು. ಗ್ರೆಟಾ ಗೋಮಾಂಸದ ದೊಡ್ಡ ತುಂಡನ್ನು ಕ್ಯಾರೆಟ್ ಜೊತೆ ಬೇಯಿಸಿದ್ದಳು. ಅತ್ತಿಗೆ ಪಾಪ, ಸುಮ್ಮನೆ ಮಾತಿಗೆ, “ಪಿಸ್ತೂಲು ತಗೊಂಡ್ರಂತೆ, ಡ್ವೇನ್ ಚೆನ್ನಾಗಿ ಹೇಳ್ಕೊಟ್ನಾ?” ಎಂದು ಕೇಳಿದಳು. ಒಟಿಲಿಗೆ ಇಷ್ಟೇ ಬೇಕಾಗಿತ್ತು. ಎದ್ದು ನಿಂತು ಫೋರ್ಕನ್ನು ಪಿಸ್ತೂಲಿನಂತೆ ಹಿಡಿದಳು. ಕಾಲು ಅಗಲ ಮಾಡಿದಳು, ಹೊಟ್ಟೆ ಮುಂದೆ ತಂದಳು, ಟಿಕ್ ಎಂದು ನಾಲಿಗೆಯಲ್ಲಿ ಸದ್ದು ಮಾಡಿ ಭುಜ ಹಾರಿಸಿ, ಕಣ್ಣು ಮುಚ್ಚಿ, “ಈಂ” ಎಂದಳು. ಮೇಜಿನ ಸುತ್ತ ಕೂತವರು ಹೊಟ್ಟೆ ಹಿಡಿದು ನಕ್ಕರು. ಇನ್ನೊಮ್ಮೆ ಮಾಡಿ ತೋರಿಸಿದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಡ್ವೇನ್.

“ಅಮ್ಮ, ಸಾಕು,” ಎಂದಳು ಗ್ರೆಟಾ.

“ಏನು ಸಾಕು? ಅವನೇ ನಗ್ತಿದಾನಲ್ಲೇ.”

“ಅಪ್ಪನೂ ನಗ್ತಿದ್ರು.”

ಗ್ರೆಟಾ ಎದ್ದು ಗಂಡನ ಕುರ್ಚಿಯ ಹಿಂದೆ ನಿಂತಿದ್ದಳು. ದನಿ ಏರಿರಲಿಲ್ಲ. “ಅಪ್ಪ ಯಾಕೆ ಗ್ಯಾರೇಜಲ್ಲಿ ಕೂತು ಊಟ ಮಾಡ್ತಿದ್ರು ಅಂತ ಗೊತ್ತಾ ನಿಂಗೆ?”

“ರೇಡಿಯೋ ಕೇಳೋ ಚಟ ಅವರಿಗೆ. ಪಂದ್ಯದ ಕಾಮೆಂಟರಿ.”

“ಆ ರೇಡಿಯೋ ಕೆಟ್ಟಿತ್ತು ಅಮ್ಮ. ತಟ್ಟೆ ತಗೊಂಡು ಹೋಗಿ ಕೊಡ್ತಿದ್ದೋಳು ನಾನು. ಒಂದು ದಿನಾನೂ ಅದು ಹಾಡಿದ್ದು ನಾನು ಕೇಳಿಲ್ಲ.”

ಡ್ವೇನ್, “ಬಿಡು ಗ್ರೆಟಾ, ಮಾಂಸ ಆರ್ತಾ ಇದೆ,” ಎಂದ. ಅಣ್ಣ ತನ್ನ ತಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಒಟಿಲಿ ಕೆಳಗಿನ ಕೋಣೆಗೆ ಬಂದು ಸಿಟ್ಟಿನಿಂದ ಕೂತಳು. ಮಗಳಿಗೆ ಮೊದಲಿನಿಂದಲೂ ನಾಟಕ ಜಾಸ್ತಿ. ವಾಲ್ಟರ್ ಕಾರಿಗೆ ದೋಣಿಯ ಗಾಡಿ ಕಟ್ಟಿ ಹಿಮ್ಮುಖವಾಗಿ ನಡೆಸಲಾರದೆ ಊರವರೆದುರು ಕಾರನ್ನೇ ಕೆರೆಗೆ ಇಳಿಸಿದ್ದನ್ನು ತಾನು ಪ್ರತಿ ಕ್ರಿಸ್‌ಮಸ್ಸಿಗೂ ಹೇಳುತ್ತಿದ್ದದ್ದು ನಿಜ. ಕೇಳಿದವರೆಲ್ಲ ನಗುತ್ತಿದ್ದರು. ವಾಲ್ಟರನೂ ನಗುತ್ತಿದ್ದ. ಕೊನೆಕೊನೆಗೆ, ಅವಳು ಬಾಯಿ ತೆರೆಯುವ ಮೊದಲೇ ನಕ್ಕುಬಿಡುತ್ತಿದ್ದ. ನಗುತ್ತಲೇ ತಟ್ಟೆ ಎತ್ತಿಕೊಳ್ಳುತ್ತಿದ್ದ. ಆ ಮುಖವನ್ನು ಅವಳು ಎಷ್ಟು ಹೊತ್ತು ನೆನೆದರೂ, ಅದರಲ್ಲಿ ಕಣ್ಣು ಹೇಗಿತ್ತೆಂದು ಮಾತ್ರ ನೆನಪಿಗೆ ಬರಲಿಲ್ಲ.

ಕ್ಲಬ್ಬಿಗೆ ಅವಳು ತಪ್ಪದೆ ಹೋದಳು. ತೂತುಗಳು ವಾರವಾರಕ್ಕೂ ಹತ್ತಿರ ಬಂದವು. ಮನೆಯಲ್ಲಿ ಮೇಲಿನ ನಲ್ಲಿ ಸೋರುವುದು ಕಡಿಮೆಯಾಗಿತ್ತು. ಡ್ವೇನ್ ಅವಳೆದುರು ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಿದ್ದ, ಅದರಲ್ಲೂ ತನ್ನ ಅಭಿಪ್ರಾಯ ಹೇಳುತ್ತಿರಲಿಲ್ಲ. ಬೇಕೆಂದು ಬಯಸಿದ ಮೌನ ಸಿಕ್ಕಿತ್ತು. ಅದರಲ್ಲಿ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಶನಿವಾರ ಬೆಳಿಗ್ಗೆ ಅವಳು ತೋಟಾ ಕೊಳ್ಳಲು ಹಾರ್ಲನ್ ಅಂಗಡಿಗೆ ಹೋದಳು. ಹಾರ್ಲನ್ ತಲೆಯಾಡಿಸಿ ಗಾಜಿನ ಆಚೆ ತೋರಿಸಿದ. “ನಿಮ್ಮಳಿಯ. ಗಾಡಿ ಹಿತ್ತಲಲ್ಲಿ ನಿಲ್ಲಿಸಿ ಬರ್ತಾನೆ. ಯಾರಿಗೂ ಹೇಳ್ಬೇಡಿ ಅಂದಿದಾನೆ, ಅದಕ್ಕೇ ನಿಮಗೆ ಮಾತ್ರ ಹೇಳ್ತಿದೀನಿ. ನೋಡಿ ಹೆಂಗಿದೆ ಆಟ!”

ಕೊನೆಯ ಕಟ್ಟೆಯಲ್ಲಿ ಡ್ವೇನ್ ಒಬ್ಬನೇ ಇದ್ದ. ಕೈಯಲ್ಲಿ ಅಂಗಡಿಯ ಬಾಡಿಗೆಯ ಪಾಯಿಂಟ್ ಟೂ ಟೂ. ಹೆಗಲು ಬಗ್ಗಿಸಿ, ಒಂದೊಂದೇ ಗುಂಡು ಹಾರಿಸಿ, ಪ್ರತಿ ಸಲವೂ ಕಣ್ಣುಜ್ಜಿಕೊಂಡು ಕಾಗದ ನೋಡುತ್ತಿದ್ದ.

ಹೇಳಬಹುದಾದ ಮಾತು ಒಟಿಲಿಯ ನಾಲಿಗೆ ತುದಿಗೆ ತಾನಾಗೇ ಬಂದು ನಿಂತಿತು. ಅವನೇ ಅಂದಿದ್ದ ಸ್ಟೇಪ್ಲರಿನದು. ಬಹಳ ಒಳ್ಳೆಯ ಮಾತು. ಹಾರ್ಲನ್ ಅದನ್ನು ಕೇಳಲು ಪೆಪ್ಪರ್‌ಮಿಂಟ್ ಚೀಪುವುದನ್ನೂ ನಿಲ್ಲಿಸಿ ಕಾದಿದ್ದ. ಅವಳು ಕಿವಿಮುಚ್ಚಳ ಹಾಕಿಕೊಂಡು ಬಾಗಿಲು ತಳ್ಳಿ ಒಳಗೆ ಹೋದಳು.

ಪಕ್ಕದಲ್ಲಿ ಬಂದು ನಿಂತವಳನ್ನು ಕಂಡು ಡ್ವೇನ್ ಪೆಚ್ಚಾದ. ಮುಖದಲ್ಲಿ ಆ ನಗು ಏಳತೊಡಗಿತು, ಏನೂ ಕೇಳುವ ಮೊದಲೇ ಏಳುವ ನಗು. ಈ ಸಲ ಒಟಿಲಿ ಅವನ ಕಣ್ಣು ನೋಡಿದಳು. ಅವನು ತಲೆ ತಗ್ಗಿಸಿ ಪಿಸ್ತೂಲಿನ ಖಾಲಿ ಮ್ಯಾಗಜೀನಿಗೆ ತೋಟಾ ತುಂಬಲು ಹೊರಟ. ದಪ್ಪ ಬೆರಳು ತಾಗಿ ತೋಟಾಗಳ ಡಬ್ಬಿ ಮಗುಚಿತು. ಕಡ್ಡಿಯಂಥ ಸಣ್ಣ ತೋಟಾಗಳು ಇಳಿಜಾರಾಗಿದ್ದ ಹಲಗೆಯ ಮೇಲೆ ಉರುಳುತ್ತ ಅಂಚಿನ ಕಡೆ ಬಂದವು.

ಒಟಿಲಿ ಅಂಗೈಯನ್ನು ಹಲಗೆಯ ಅಂಚಿಗೆ ಅಡ್ಡವಿಟ್ಟಳು. ತೋಟಾಗಳು ಒಂದೊಂದಾಗಿ ಬಂದು ಕೈಗೆ ತಾಗಿ ನಿಂತವು. ಅವನು ಒಂದನ್ನು ಹೆಕ್ಕಿದ, ತುಂಬಿಸಿದ. ಇನ್ನೊಂದನ್ನು ಹೆಕ್ಕಿದ. ಕೊನೆಯದು ಮುಗಿಯುವವರೆಗೂ ಅವಳು ಎದುರಿನ ಕಾಗದವನ್ನು ನೋಡುತ್ತ ಕೈಯನ್ನು ಹಾಗೇ ಇಟ್ಟುಕೊಂಡಿದ್ದಳು.