ಉಪ್ಪಿಟ್ಟಿನ ತಂತಿ

ಮಾನ್ವಿಯಲ್ಲಿ ಹ್ಯಾಮ್ ರೇಡಿಯೋ ಹುಚ್ಚಿದ್ದದ್ದು ನನಗೂ ಗೆಳೆಯ ಅಯ್ಯಪ್ಪನಿಗೂ ಮಾತ್ರ. ಮಿಲಿಟರಿಯವರು ಮಾರಿದ ಹಳೇ ವಾಲ್ವ್ ರೇಡಿಯೋ ಸೆಟ್ಟಿನ ಮುಂದೆ ಕೂತು ದಿನವಿಡೀ ಟಕಟಕ ಸದ್ದಿನ ತಂತಿ ಭಾಷೆಯಾದ ಮೋರ್ಸ್ ಕುಟ್ಟುತ್ತಿದ್ದೆವು. ೧೯೭೮ರಲ್ಲಿ ನನಗೆ ಹೆಣ್ಣು ನೋಡಲು ದೇವದುರ್ಗಕ್ಕೆ ಹೋದಾಗಲೂ ನಮ್ಮಿಬ್ಬರ ಕೈ ಸುಮ್ಮನಿರಲಿಲ್ಲ. ಹುಡುಗಿ ದುರುಗಮ್ಮ ಉಪ್ಪಿಟ್ಟು ಕೊಟ್ಟು ಒಳಗೆ ಹೋದಳು. ನಾನು ಚಮಚದಿಂದ ತಟ್ಟೆಯ ಅಂಚಿಗೆ ಮೋರ್ಸ್‌ನಲ್ಲಿ ಬಡಿದೆ: ‘ಬರೇ ಉಪ್ಪು.’

ಅಯ್ಯಪ್ಪ ಲೋಟಕ್ಕೆ ಬಡಿದ: ‘ಹುಡುಗಿ ಚಂದ ಅದಾಳ. ಸುಮ್ನ ನುಂಗು.’

ಹುಡುಗಿಯ ಅಪ್ಪ ಮೀಸೆಯಲ್ಲೇ ನಕ್ಕರು. “ಮೂವತ್ತು ವರ್ಷ ತಾರ್ ಆಫೀಸಿನಾಗ ತಂತಿ ಬಡಕೋತ ದುಡದೀನ್ರೀ. ನಿಮ್ಮ ಕೈ ಭಾಳ ನಿಧಾನ ಅದ. ನಮ್ಮ ದುರುಗಿಗೂ ಕಲಿಸೀನಿ, ಆಕಿದು ಜೋರದ.”

ಅಷ್ಟರಲ್ಲಿ ಅಡುಗೆಮನೆಯಲ್ಲಿ ಸೌಟು ಬಾಣಲೆಗೆ ಟಕಟಕ ಬಡಿಯಿತು: ‘ಇನ್ನಷ್ಟು ಹಾಕ್ಲೇನ್ರೀ?’

ನಾನು ‘ಹೂಂ’ ಎಂದು ಬಡಿದು, ಎರಡನೆಯ ತಟ್ಟೆಯನ್ನೂ ಖಾಲಿ ಮಾಡಿದೆ.