ಮಾವನ ಎಡೆಗೆ ಹೊಗೆ ಕೋಳಿ

ಹೊಗೆ ಒಣಹಾಕಿದ ಬಟ್ಟೆಯ ಕಡೆ ವಾಲುತ್ತಿದೆ, ವಾಲಲಿ, ಬಟ್ಟೆ ಮತ್ತೆ ಒಗೆದರಾಯಿತು, ಆದರೆ ಈ ಅಂಕಿ ಯಾಕೆ ನಿಂತಿದೆ, ಅರವತ್ತೆಂಟು ಡಿಗ್ರಿ, ಕಾಲು ಗಂಟೆಯಿಂದ ಅರವತ್ತೆಂಟೇ, ಅಂಬಿಕಾ ಥರ್ಮಾಮೀಟರಿನ ಪುಟ್ಟ ಡಬ್ಬಿಯನ್ನು ಅಂಗೈಗೆ ಒಮ್ಮೆ ತಟ್ಟಿಕೊಂಡಳು, ತಟ್ಟಿದರೆ ಏರುತ್ತದೆಯೇ ಹುಚ್ಚಿ, ಇದೇನು ಹಳೇ ರೇಡಿಯೋನಾ — ಸೂಜಿ ಕೋಳಿಯ ತೊಡೆಯೊಳಗಿದೆ, ಅದರ ವೈರು ಇದ್ದಿಲೊಲೆಯಂಥ ಗುಂಡು ಗ್ರಿಲ್ಲಿನ ಮುಚ್ಚಳದ ಸಂದಿಯಿಂದ ಹೊರಬಂದು ಈ ಡಬ್ಬಿಗೆ ಸೇರಿದೆ, ಎಪ್ಪತ್ತೈದು ದಾಟಿದರೇ ಮಾಂಸ ಬೆಂದಂತೆ, ಅಲ್ಲಿಯ ತನಕ ಈ ಹಿತ್ತಲು ಬಿಟ್ಟು ಏಳುವುದಿಲ್ಲ. ಒಳಗೆ ಎಲ್ಲ ಆಗಿದೆ, ಅನ್ನ, ಮುದ್ದೆ, ಕುರಿ ಸಾರು, ಮಾವನ ಫೋಟೋಕ್ಕೆ ಹೂವಿನ ಹಾರ, ಇವತ್ತು ಮಹಾಲಯ ಅಮಾವಾಸ್ಯೆ, ಮಾವ ಕೆಂಚವೀರಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ, ಎಡೆ ಇಡುವ ಮುಂಚೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ, ಮಾಡಿದವಳು ಉಪ್ಪು ನೋಡುವಂತಿಲ್ಲ, ಒಂದು ಎಳೆ ಹಿಸಿದು ಬೆಂದಿತೇ ಎಂದು ನೋಡುವಂತೆಯೂ ಇಲ್ಲ, ಹಿಸಿದರೆ ಎಂಜಲು — ಹಾಗಾಗಿ ಇವತ್ತು ನಾಲಿಗೆಯೂ ಸೂಜಿ, ಬೆರಳೂ ಸೂಜಿ.

ನಿಮ್ಮ ಮಾವಗೆ ನಿನ್ನ ಹೊಗೆ ಕೋಳಿ ಅಂದ್ರೆ ಪ್ರಾಣ ಆಗಿತ್ತವ್ವ, ಎಡೆಗೆ ಅದು ಇರ್ಲೇಬೇಕು, ಅಂತ ಅತ್ತೆ ಯಲ್ಲಕ್ಕ ಎಂಟು ದಿನದ ಹಿಂದೆಯೇ ಹೇಳಿದ್ದರು, ಪ್ರಾಣವಂತೆ, ತಿಂದದ್ದು ಒಂದೇ ಸಲ, ಯುಗಾದಿಯ ಮಾರನೇ ದಿನ, ಹರಿಹರದಲ್ಲಿ ಗಂಡ ಅರುಣನ ಜೊತೆ ಕೆಲಸ ಮಾಡುತ್ತಿದ್ದ ಇಜಾಜ್ ಊರು ಬಿಡುವಾಗ ಕೊಟ್ಟ ಈ ಗ್ರಿಲ್ಲನ್ನು ಅರುಣ್ ಬೈಕಿಗೆ ಕಟ್ಟಿಕೊಂಡು ನಿಟ್ಟುವಳ್ಳಿಯ ಈ ಮನೆಗೆ ತಂದ ಹೊಸತು, ಆಗಲೂ ಇದೇ ಸೂಜಿ, ಎಂಬತ್ತು ತೋರಿಸಿತ್ತು, ತಾನು ಜಂಬದಿಂದ ಮುಚ್ಚಳ ತೆಗೆದಿದ್ದಳು, ತುದಿ ಹೋಗಿ ಮೂಳೆಗೆ ಒತ್ತಿಕೊಂಡಿದೆ ಎಂದು ಯಾರಿಗೆ ಗೊತ್ತಿತ್ತು, ಮೂಳೆ ಕಾದಿತ್ತು, ಮಾಂಸ ಕಾದಿರಲಿಲ್ಲ, ಮೇಲೆ ಮಾತ್ರ ಬೆಲ್ಲದ ಬಣ್ಣ, ಮೊದಲ ತೊಡೆ ಮಾವನ ತಟ್ಟೆಗೆ, ಮಾವ ಕಚ್ಚಿದರು, ಬಾಯಿ ನಿಂತಿತು — ಮೂಳೆಯ ಸುತ್ತ ಹಸಿ ಕೆಂಪು, ಅವಳು ನೋಡಿದಳು, ಅವಳು ನೋಡಿದ್ದನ್ನು ಅವರೂ ನೋಡಿದರು, ಹೆಬ್ಬೆರಳಿನಿಂದ ಅನ್ನ ಸರಿಸಿ ಆ ಕೆಂಪನ್ನು ಮುಚ್ಚಿದರು, ಚಲೋ ಆಗೈತವ್ವ, ಇಂಥದ್ದು ನಾ ಹುಟ್ಟಿದಾಗಿಂದ ಉಂಡಿಲ್ಲ, ಆ ಇನ್ನೊಂದು ತೊಡೆನೂ ನನಗೇ ಹಾಕು. ಇನ್ನೊಬ್ಬರ ಬಾಯಿಗೆ ಹೋಗದಿರಲಿ ಅಂತ ಕೇಳಿ ಹಾಕಿಸಿಕೊಂಡರಲ್ಲ, ಅನ್ನದಡಿ ಬಚ್ಚಿಟ್ಟದ್ದನ್ನೂ ಬಿಡದೆ ತಿಂದರಲ್ಲ, ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿ, ಸರ್ಕಲ್ಲಿನಾಗೆ ಮೆಣಸಿನಕಾಯಿ ಮಂಡಕ್ಕಿ ತಿಂದಿದ್ದೆ ಕಣ್ರಪ್ಪ, ಅದರದೇ ಕಿತಾಪತಿ, ಅಂತ ಬಂದವರಿಗೆಲ್ಲ ಹೇಳಿದರಲ್ಲ, ಪಾಪ ಆ ಮಂಡಕ್ಕಿ ಅಂಗಡಿಯವನು ಏನು ಮಾಡಿದ್ದ — ಆಷಾಢದಲ್ಲಿ ಎದೆ ಹಿಡಿದುಕೊಂಡು ಹೋಗಿಯೇ ಬಿಟ್ಟರು, ತಪ್ಪಾಯ್ತು ಮಾವ ಎನ್ನಲು ಬಾಯಿ ಬರಲೇ ಇಲ್ಲ, ನಾಚಿಕೆ, ಈಗಲೂ ನಾಚಿಕೆ, ಮಾವನಿಗೆ ಎರಡನೇ ಸಲ ಹಸಿ ಮಾಂಸ ಬಡಿಸಿದರೆ ತಾನು ಈ ಮನೆಯ ಸೊಸೆಯೇ ಅಲ್ಲ.

ಅರವತ್ತೆಂಟು, ಏರುವುದಾದರೂ ಹೇಗೆ, ಎಲ್ಲಿಗೆ ಬಂತು ನೋಡ್ತೀನಿ ತಡಿ ಅಂತ ಅತ್ತೆ ಎರಡು ಸಲ ಮುಚ್ಚಳ ಎತ್ತಿದರು, ಸಾರಿನ ಪಾತ್ರೆಯೇ ಇದು, ಎತ್ತಿದಾಗೆಲ್ಲ ಕಾವು ಹಾರಿಹೋಗುತ್ತದೆ, ಮೂರನೇ ಸಲ ಬಂದಾಗ ಅಂಬಿಕಾ ಮುಚ್ಚಳದ ಹಿಡಿಯ ಮೇಲೆ ಕೈಯಿಟ್ಟು ಕೂತಳು, ಬ್ಯಾಡ ಅತ್ತೆ, ಮುಟ್ಟಬ್ಯಾಡ್ರಿ, ಕೆಳಗಿನ ಗಾಳಿಕಿಂಡಿ ಪೂರ್ತಿ ತೆರೆದಳು, ಇದ್ದಿಲು ಚಿಟಚಿಟ ಅಂದಿತು, ಪೇರಲ ಕಟ್ಟಿಗೆಯ ಘಾಟು ಕಣ್ಣಿಗೆ. ಹರಿಹರದಿಂದ ಬಂದ ಮೈದುನ ಬಕ್ಕೇಶ್ ಬಾಗಿಲಲ್ಲಿ ನಿಂತು, ಅತ್ತಿಗೆಮ್ಮ, ಒಂದೂವರೆ ಆತು, ನಮ್ಮವ್ವ ಎಂದಾದ್ರೂ ಸೂಜಿ ಚುಚ್ಚಿ ಅಡಿಗೆ ಮಾಡ್ಯಾಳೇನು, ಹಿಂಗೆ ಕುಂತ್ರೆ ಹಿರಿಯರು ಬಂದು ಹಸ್ಕೊಂಡು ಹೋಗ್ತಾರೆ ಅಂದ, ಹೋಗಲ್ಲ ಬಕ್ಕೇಶ, ಮಾವ ಕಾಯ್ತಾರೆ, ನೀನು ಬೇಕಾದ್ರೆ ನೀರು ಕುಡಿ — ಅರವತ್ತೊಂಬತ್ತು, ಕಣ್ಣೆದುರು ಮಾವನ ಹೆಬ್ಬೆರಳು ಅನ್ನ ಸರಿಸುತ್ತಿದೆ, ಎಪ್ಪತ್ತೊಂದು, ಇವತ್ತು ಚುಚ್ಚುವಾಗ ತುದಿ ಮೂಳೆಗೆ ತಾಗಿದ್ದು ಕೈಗೆ ಗೊತ್ತಾಗಿ ಅರ್ಧ ಬೆರಳಷ್ಟು ಹಿಂದೆಳೆದಿದ್ದಳು, ಎಳೆದಿದ್ದೇನೆ, ಹೌದು, ಎಳೆದಿದ್ದೇನೆ, ಎಪ್ಪತ್ತನಾಲ್ಕು, ಹೆಬ್ಬೆರಳು, ಎಪ್ಪತ್ತೇಳು, ಆದರೂ ಏಳಲಿಲ್ಲ, ಮುಚ್ಚಳ ಎತ್ತಿ ಸೂಜಿ ಕಿತ್ತು ಇನ್ನೊಂದು ತೊಡೆಗೆ ಚುಚ್ಚಿದಳು, ದಪ್ಪ ಜಾಗದಲ್ಲಿ, ಮೂಳೆ ಬಿಟ್ಟು, ಎಪ್ಪತ್ತೆಂಟು, ಈಗ ಸರಿ.

ಎಲೆಯ ಮೇಲೆ ಎರಡೂ ತೊಡೆ ಇಟ್ಟಳು, ಅರುಣ್ ಊದಿನಕಡ್ಡಿ ಬೆಳಗಿ ತೆಂಗಿನಕಾಯಿ ಒಡೆದ, ಹಿರಿಯರು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂತರು, ಬಕ್ಕೇಶನ ಹೊಟ್ಟೆ ಗುರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು, ಸಾಕಲ್ಲ ಅತ್ತಿಗೆಮ್ಮ, ತೆಗೀರಿ ಬಾಗಿಲು, ಅವಳು ಚಿಲಕದ ಮೇಲಿನ ಕೈ ತೆಗೆಯಲಿಲ್ಲ, ಇನ್ನೊಂಚೂರು ತಡಿ, ಮಾವ ನಿಧಾನಕ್ಕೆ ಉಣ್ತಾರೆ, ಒಳಗೆ ಸದ್ದಿಲ್ಲ, ಎಲೆ ಇದೆ, ತೊಡೆ ಇದೆ, ಪಕ್ಕದಲ್ಲಿ ಅನ್ನ, ಅನ್ನದ ಹತ್ತಿರ ಬಂದು, ಮುಚ್ಚಲು ಏನೂ ಇಲ್ಲದೆ, ಅದನ್ನು ಸರಿಸದೆ, ಸುಮ್ಮನೆ ನಿಂತ ಹೆಬ್ಬೆರಳು —